ಪರವೂರ ವಿದ್ಯಾರ್ಥಿಗೆ ಕನ್ನಡ ಪಾಠ

"ಕರ್ನಾಟಕಕ್ಕೆ ಬಂದವರು ಕನ್ನಡ ಕಲಿಯಬೇಕು." ನವೆಂಬರ್ ತಿಂಗಳು ಬಂತೆಂದರೆ ಈ ಮಾತು ವೇದಿಕೆಯಿಂದ ವೇದಿಕೆಗೆ ಸಂಚಾರ ಹೊರಡುತ್ತದೆ. ಮಾತು ನ್ಯಾಯವಾದದ್ದೇ, ನಾನೂ ಎಷ್ಟೋ ಸಭೆಗಳಲ್ಲಿ ಅದಕ್ಕೆ ಚಪ್ಪಾಳೆ ತಟ್ಟಿದ್ದೇನೆ. ಆದರೆ ಚಪ್ಪಾಳೆ ನಿಂತೊಡನೆ ಹಿಂದಿನ ಸಾಲಿನಿಂದ ಪರವೂರ ಹುಡುಗನೊಬ್ಬ ಎದ್ದು ನಿಂತು, "ಸ್ವಾಮಿ, ನಾನು ಕಲಿಯಲು ಸಿದ್ಧನಿದ್ದೇನೆ. ಎಲ್ಲಿಗೆ ಹೋಗಬೇಕು? ಯಾರು ಕಲಿಸುತ್ತಾರೆ? ಪುಸ್ತಕ ಯಾವುದು? ಎಷ್ಟು ತಿಂಗಳಲ್ಲಿ ಎಷ್ಟು ಬಂದೀತು?" ಎಂದು ಕೇಳಿದನೆನ್ನಿ. ಭಾಷಣಕಾರರು ಏನೆಂದಾರು? ಮನಸ್ಸಿದ್ದರೆ ಮಾರ್ಗ ಎಂದಾರು. ಇಲ್ಲವೆ, ನೆರೆಹೊರೆಯವರೊಡನೆ ಮಾತನಾಡಪ್ಪ, ತಾನಾಗಿಯೇ ಬರುತ್ತದೆ ಎಂದಾರು. ಇದಕ್ಕಿಂತ ಹೆಚ್ಚಿನ ಉತ್ತರ ಅವರ ಜೋಳಿಗೆಯಲ್ಲಿಲ್ಲ.

ಕಲಿಯಲಿಲ್ಲವೆಂಬ ಅಪರಾಧವನ್ನು ನಾವು ಯಾರ ತಲೆಗೆ ಕಟ್ಟುತ್ತಿದ್ದೇವೋ ಅದರ ಮುಕ್ಕಾಲು ಪಾಲು ಅವರದ್ದಲ್ಲ, ಕಲಿಸದಿದ್ದ ನಮ್ಮದು. ಇದೇ ನನ್ನ ವಾದ. ಯಾರಿಗಾದರೂ ಇದು ಕಟುವಾಗಿ ಕಂಡರೆ ಕಾಣಲಿ.

ಪಂಜದಲ್ಲಿ ಕುಳಿತವನಿಗೆ ಇದೆಲ್ಲ ಏಕೆ ಎಂದು ಕೇಳಬಹುದು. ನಮ್ಮದು ಅಡಿಕೆ ತೋಟ, ಪಂಚಲಿಂಗೇಶ್ವರ ದೇವಸ್ಥಾನ, ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸುಗಳು ಇಷ್ಟರಲ್ಲೇ ಮುಗಿಯುವ ಊರು. ಆದರೆ ಇಲ್ಲಿಂದ ಒಂದೆರಡು ಬಸ್ಸು ಬದಲಿಸಿದರೆ ಸುಳ್ಯ, ಪುತ್ತೂರು, ಮಂಗಳೂರು. ಇನ್ನೂ ಮುಂದೆ ಹೋದರೆ ಮಣಿಪಾಲ. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು 1976ರಲ್ಲಿ ಕಾಲೇಜು ಕಟ್ಟಲು ತೊಡಗಿದಂದಿನಿಂದ ಈ ಕಾಡುಸೀಮೆಯ ಮುಖವೇ ಬದಲಾಯಿತು. ಈಗ ಜಿಲ್ಲೆಯ ಕಾಲೇಜುಗಳಿಗೆ ಕೇರಳದಿಂದ, ಬಿಹಾರದಿಂದ, ಈಶಾನ್ಯ ರಾಜ್ಯಗಳಿಂದ ಹುಡುಗರು ಬರುತ್ತಾರೆ; ದೊಡ್ಡ ವಿಶ್ವವಿದ್ಯಾನಿಲಯಗಳಿಗೆ ಹೊರದೇಶಗಳಿಂದಲೂ ಬರುತ್ತಾರೆ. ನಾಲ್ಕೈದು ವರ್ಷ ನಮ್ಮ ನೀರು ಕುಡಿದು, ನಮ್ಮ ಮಳೆಯಲ್ಲಿ ನೆನೆದು, ಹೋಗುವಾಗ ಮೂರು ಶಬ್ದ ಕಟ್ಟಿಕೊಂಡು ಹೋಗುತ್ತಾರೆ: ಎಷ್ಟು, ಬೇಡ, ಗೊತ್ತಿಲ್ಲ. ಈ ಮೂರರಿಂದ ಅಂಗಡಿಯ ವ್ಯವಹಾರ ಸಾಗೀತು. ಅದರಾಚೆಗೆ ಏನೂ ಸಾಗದು.

ಇದನ್ನು ನಾನು ಬಹುಕಾಲದಿಂದ ಕಂಡಿದ್ದೆ. ಆದರೆ ಇದು ಹೀಗೆಯೇ ಇರಬೇಕಾಗಿಲ್ಲ ಎಂದು ಸ್ಪಷ್ಟವಾದದ್ದು ನನ್ನ ತಂಗಿಯ ಮಗಳು ಒಂದು ಸೆಮಿಸ್ಟರಿನ ಮಟ್ಟಿಗೆ ವಿನಿಮಯ ವಿದ್ಯಾರ್ಥಿನಿಯಾಗಿ ಜಪಾನಿಗೆ ಹೋದ ಮೇಲೆ. ಅವಳು ಓದಲು ಹೋದದ್ದು ಇಂಜಿನಿಯರಿಂಗು. ಆ ಪಾಠಗಳೆಲ್ಲ ಇಂಗ್ಲಿಷಿನಲ್ಲೇ. ಆದರೂ ಹೋದ ವಾರವೇ ಅವಳನ್ನು ಕೂರಿಸಿ ಜಪಾನಿ ಭಾಷೆ ಎಷ್ಟು ಬರುತ್ತದೆಂದು ಪರೀಕ್ಷೆ ಮಾಡಿದರಂತೆ. "ಏನೂ ಬರುವುದಿಲ್ಲ ಮಾವ, ಸೊನ್ನೆಯೇ ಬಂತು. ಆದರೆ ಸೊನ್ನೆಯವರಿಗೂ ಒಂದು ತರಗತಿ ಉಂಟು!" ಎಂದು ಫೋನಿನಲ್ಲಿ ನಕ್ಕಳು. ಆ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ಸೊನ್ನೆಯವರಿಗೂ ಒಂದು ತರಗತಿ. ಅದರ ಮೇಲೆ ಸ್ವಲ್ಪ ಬಂದವರಿಗೆ ಒಂದು, ಅದರ ಮೇಲೆ ಮತ್ತೊಂದು. ಮಾತಿಗೆ ಬೇರೆ, ಬರಹಕ್ಕೆ ಬೇರೆ, ಅಲ್ಲಿನ ಕಾಂಜಿ ಅಕ್ಷರಗಳಿಗೆ ಬೇರೆ. ವಿಶ್ವವಿದ್ಯಾನಿಲಯದ ಪಾಠಗಳ ಪಟ್ಟಿಯಲ್ಲಿ ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳ ಜೊತೆ ಸಮಾನ ಗೌರವದಿಂದ ಇವೂ ಕುಳಿತಿರುತ್ತವೆ. ಇವಕ್ಕೂ ಕ್ರೆಡಿಟ್ ಉಂಟು. ಅವಳ ಭಾಷಾ ತರಗತಿ ವಾರದಲ್ಲಿ ನಾಲ್ಕು ದಿನ, ಒಂದೊಂದು ತೊಂಬತ್ತು ನಿಮಿಷ.

ಜಪಾನಿನವರು ಇದನ್ನು ಧರ್ಮಕ್ಕೆ ಮಾಡುತ್ತಿಲ್ಲ. ಅವರಿಗೆ ಹೊರಗಿನ ವಿದ್ಯಾರ್ಥಿಗಳು ಬೇಕು. 1983ರಲ್ಲಿ ನಕಾಸೊನೆಯವರ ಸರಕಾರ ಒಂದು ಲಕ್ಷ ವಿದೇಶೀ ವಿದ್ಯಾರ್ಥಿಗಳ ಗುರಿಯಿಟ್ಟುಕೊಂಡಿತು. 2003ರಲ್ಲಿ ಅದು ಕೈಗೂಡಿತು. 2008ರಲ್ಲಿ ಮೂರು ಲಕ್ಷವೆಂದರು. 2019ರಲ್ಲಿ ಲೆಕ್ಕ 3,12,214ಕ್ಕೆ ಮುಟ್ಟಿತು. ಈಗ 2033ಕ್ಕೆ ನಾಲ್ಕು ಲಕ್ಷವೆನ್ನುತ್ತಿದ್ದಾರೆ. ಹುಟ್ಟುವ ಮಕ್ಕಳು ಕಡಿಮೆಯಾಗಿ ತರಗತಿಗಳು ಬರಿದಾಗುತ್ತಿರುವ ದೇಶ ಅದು. ಬಂದವರಲ್ಲಿ ಎಲ್ಲರೂ ಸರಸ್ವತಿಯ ಸೇವೆಗೇ ಬಂದವರೂ ಅಲ್ಲ. ವಿದ್ಯಾರ್ಥಿಗೆ ವಾರಕ್ಕೆ 28 ಗಂಟೆ ದುಡಿಯಲು ಅಲ್ಲಿ ಅನುಮತಿಯಿದೆ, ಆ ದುಡಿಮೆಗಾಗಿಯೇ ಭಾಷಾಶಾಲೆಗೆ ಸೇರಿದವರೂ ಇದ್ದಾರೆ. ಇದನ್ನೆಲ್ಲ ನಾನು ಬಲ್ಲೆ. ಜಪಾನನ್ನು ಹೂವಿನ ಪಲ್ಲಕ್ಕಿಯಲ್ಲಿ ಕೂರಿಸಿ ಮೆರವಣಿಗೆ ಮಾಡುವ ಇಚ್ಛೆ ನನಗಿಲ್ಲ. ಒಕಿನಾವದ ಮಕ್ಕಳು ಶಾಲೆಯಲ್ಲಿ ತಮ್ಮ ಮನೆಮಾತನ್ನಾಡಿದರೆ ಕೊರಳಿಗೆ ಮರದ ಹಲಗೆ ಕಟ್ಟಿ ಅವಮಾನಿಸಿದ ದೇಶವೂ ಅದೇ. ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ತುಳು ಮಾತನಾಡಿದ್ದಕ್ಕೆ ದಂಡ ತೆತ್ತ ಮಕ್ಕಳನ್ನು ಕಂಡಿರುವ ನಮಗೆ ಆ ಹಲಗೆಯ ಭಾರ ಬೇರೆ ಹೇಳಬೇಕಾಗಿಲ್ಲ.

ಆದರೆ ಒಂದು ವಿಷಯದಲ್ಲಿ ಅವರು ನಮಗೆ ಗುರುಗಳು. ಅವರ ಭಾಷೆಗೆ ಅವರಲ್ಲಿ ಎರಡು ಹೆಸರುಗಳಿವೆ. ತಮ್ಮ ಮಕ್ಕಳಿಗೆ ಶಾಲೆಯಲ್ಲಿ ಕಲಿಸುವಾಗ ಅದು 'ಕೊಕುಗೊ', ಎಂದರೆ ನಾಡಿನ ನುಡಿ. ಹೊರಗಿನವರಿಗೆ ಕಲಿಸುವಾಗ ಅದೇ ಭಾಷೆ 'ನಿಹೊಂಗೊ'. ಭಾಷೆ ಒಂದೇ, ಪಾಠ ಎರಡು. ಕೊಕುಗೊ ಮೇಷ್ಟ್ರು ಹಳೆಯ ಕಾವ್ಯವನ್ನು, ಗದ್ಯವನ್ನು, ಅಕ್ಷರದ ಅಂದವನ್ನು ಕಲಿಸುತ್ತಾರೆ. ಮಗುವಿಗೆ ಮಾತು ಮನೆಯಲ್ಲೇ ಬಂದಿರುತ್ತದೆ. ನಿಹೊಂಗೊ ಮೇಷ್ಟ್ರು 'ಇದು ಏನು', 'ಅದು ಎಲ್ಲಿದೆ' ಎಂಬಲ್ಲಿಂದ ಹೊರಡುತ್ತಾರೆ. ಒಂದು ಬಲ್ಲವನು ಇನ್ನೊಂದನ್ನೂ ಬಲ್ಲನೆಂದು ಅಲ್ಲಿ ಯಾರೂ ಭಾವಿಸುವುದಿಲ್ಲ. 2024ರ ಏಪ್ರಿಲಿನಿಂದ ನಿಹೊಂಗೊ ಕಲಿಸುವವರಿಗೆ ಪ್ರತ್ಯೇಕವಾದ ಸರಕಾರಿ ನೋಂದಣಿಯನ್ನೇ ತಂದಿದ್ದಾರೆ; ಅದಕ್ಕೆ ಪರೀಕ್ಷೆಯುಂಟು, ಅಭ್ಯಾಸಪಾಠವುಂಟು.

ನಮ್ಮಲ್ಲಿ? ನಮ್ಮಲ್ಲಿ ಇರುವುದೆಲ್ಲ ಕೊಕುಗೊ. ಕನ್ನಡ ಎಂ.ಎ. ಮಾಡಿದವನು ಪಂಪನನ್ನು ಬಲ್ಲ, ವಚನಕಾರರನ್ನು ಬಲ್ಲ, ಕೇಶಿರಾಜನ ಸೂತ್ರ ಬಲ್ಲ. ಅಸ್ಸಾಮಿನಿಂದ ಬಂದ ಹುಡುಗ "ನನಗೆ ಹಸಿವು ಆಗಿದೆ ಎನ್ನುತ್ತೀರಿ, ನಾನು ಹಸಿವು ಆಗಿದ್ದೇನೆ ಎಂದೇಕೆ ಅನ್ನುವುದಿಲ್ಲ?" ಎಂದು ಕೇಳಿದರೆ ಪಂಡಿತರಿಗೆ ಸಿಟ್ಟು ಬರುತ್ತದೆ. ಅದು ಹಾಗೆಯೇ, ಎನ್ನುತ್ತಾರೆ. ಹಾಗೆಯೇ ಎಂಬುದು ಮನೆಯ ಮಗುವಿಗೆ ಸಾಕು, ಹೊರಗಿನವನಿಗೆ ಸಾಲದು.

ಚೋದ್ಯವೆಂದರೆ, ಕನ್ನಡವನ್ನು ಹೊರಗಿನವರಿಗೆ ಕಲಿಸುವ ಕೆಲಸ ನಮ್ಮ ನೆಲದಲ್ಲೇ ಇನ್ನೂರು ವರ್ಷ ಹಿಂದೆ ಶುರುವಾಗಿತ್ತು. ಶುರು ಮಾಡಿದವರು ಮಾತ್ರ ಹೊರಗಿನವರೇ. ಶ್ರೀರಾಮಪುರದಲ್ಲಿ ವಿಲಿಯಂ ಕೇರಿ ಕನ್ನಡ ವ್ಯಾಕರಣವನ್ನು ಅಚ್ಚು ಹಾಕಿಸಿದ್ದು 1817ರಲ್ಲಿ. ಮದರಾಸಿನಲ್ಲಿ ಕುಂಪಣಿಯ ಅಧಿಕಾರಿಗಳಿಗೆ ದಕ್ಷಿಣದ ಭಾಷೆಗಳನ್ನು ಕಲಿಸಲು ಸೇಂಟ್ ಜಾರ್ಜ್ ಕೋಟೆಯ ಕಾಲೇಜು 1812ರಲ್ಲೇ ತೆರೆದಿತ್ತು. ಹಾಡ್ಸನ್ನನ ವ್ಯಾಕರಣ 1859ರದು. ಕಿಟ್ಟೆಲ್ಲರ ನಿಘಂಟು ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ 1894ರಲ್ಲಿ ಹೊರಬಂತು. ಸ್ಪೆನ್ಸರ್ ಪಾದ್ರಿ 1914ರಲ್ಲಿ ಬರೆದ ವ್ಯಾಕರಣದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಅಭ್ಯಾಸಗಳಿವೆ. ಈಚೆಗೆ ಮ್ಯೂನಿಕ್ಕಿನಲ್ಲಿ ಕನ್ನಡ ಕಲಿಸಿದ ರಾಬರ್ಟ್ ಝೈಡೆನ್‌ಬಾಸರು 2020ರಲ್ಲಿ ಇಂದಿನ ಕನ್ನಡಕ್ಕೆ ಒಂದು ಪಠ್ಯಪುಸ್ತಕ ಪ್ರಕಟಿಸಿದರು. ಟೋಕಿಯೋದಿಂದಲೇ ನೊರಿಹಿಕೊ ಉಚಿದಾ ಅವರು ನಮ್ಮ ಬಿ.ಬಿ. ರಾಜಪುರೋಹಿತರ ಜೊತೆಗೂಡಿ ಕನ್ನಡದ ವ್ಯುತ್ಪತ್ತಿ ನಿಘಂಟನ್ನು ತಂದರು. ನಮ್ಮ ಜಿಲ್ಲೆಯ ಭೂತಾರಾಧನೆಯನ್ನು ಅಭ್ಯಾಸ ಮಾಡಿ ಗ್ರಂಥ ಬರೆದ ಕ್ಯೋತೊ ವಿಶ್ವವಿದ್ಯಾನಿಲಯದ ಮಿಹೊ ಇಶಿಯವರಂಥವರು ಇಲ್ಲಿಗೆ ಬಂದು ಹಳ್ಳಿಯಲ್ಲಿ ಕೂತು ಕೆಲಸ ಮಾಡಿದ್ದಾರೆ. ಅವರ ದೇಶಕ್ಕೆ ಹೋದ ನಮ್ಮ ಹುಡುಗಿಗೆ ಸೊನ್ನೆಯ ತರಗತಿಯುಂಟು. ಇಲ್ಲಿಗೆ ಬರುವ ಅವರ ಹುಡುಗಿಗೆ ನಾವೇನು ಇಟ್ಟಿದ್ದೇವೆ?

ಏನೂ ಇಲ್ಲವೆನ್ನುವುದು ಅನ್ಯಾಯವಾದೀತು. ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನ 1969ರಲ್ಲಿ ಸ್ಥಾಪಿತವಾಯಿತು. ಅಲ್ಲಿನ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ ಬೇರೆ ರಾಜ್ಯಗಳ ಉಪಾಧ್ಯಾಯರು ಹತ್ತು ತಿಂಗಳು ಕುಳಿತು ಕನ್ನಡ ಕಲಿತು ಹೋಗುತ್ತಾರೆ. ಸೊನ್ನೆಯಿಂದ ಹೊರಟವನು ವರ್ಷ ತುಂಬುವುದರೊಳಗೆ ಕನ್ನಡದಲ್ಲಿ ಪಾಠ ಹೇಳುವಂತಾಗುವುದು ಅಲ್ಲಿ ಪವಾಡವಲ್ಲ, ವಾಡಿಕೆ. ಅಮೆರಿಕದ ವಿದ್ಯಾರ್ಥಿಗಳಿಗಾಗಿ ನಡೆಯುವ ಕನ್ನಡ ತರಗತಿಯೂ ಮೈಸೂರಿನಲ್ಲಿದೆ. ನಮ್ಮ ಪುತ್ತೂರು ಕಡೆಯವರೇ ಆದ ಬಿ.ಎ. ವಿವೇಕ ರೈಗಳು ಜರ್ಮನಿಯ ವ್ಯೂರ್ತ್ಸ್‌ಬರ್ಗಿನಲ್ಲಿ ಅತಿಥಿ ಪ್ರಾಧ್ಯಾಪಕರಾಗಿ ಅಲ್ಲಿನ ಹುಡುಗರಿಗೆ ಕನ್ನಡ ಕಲಿಸಿ ಬಂದರು. ವಿದ್ಯೆ ಇಲ್ಲವೆಂದಲ್ಲ, ವಿದ್ಯೆ ಇದೆ. ಅದು ಮೈಸೂರಿನಲ್ಲಿದೆ, ಮ್ಯೂನಿಕ್ಕಿನಲ್ಲಿತ್ತು, ವ್ಯೂರ್ತ್ಸ್‌ಬರ್ಗಿನಲ್ಲಿತ್ತು. ಸಾವಿರಾರು ಪರವೂರ ವಿದ್ಯಾರ್ಥಿಗಳು ದಿನವೂ ಓಡಾಡುವ ಕಾಲೇಜುಗಳಿಗೆ ಮಾತ್ರ ಅದು ಬಂದು ಮುಟ್ಟಲಿಲ್ಲ.

ಕಾಲೇಜುಗಳಲ್ಲಿ ಇರುವುದು ಏನು? ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದವರು ಕನ್ನಡ ಬಲ್ಲವರಿಗೆ 'ಸಾಂಸ್ಕೃತಿಕ ಕನ್ನಡ', ಬಾರದವರಿಗೆ 'ಬಳಕೆ ಕನ್ನಡ' ಎಂದು ಎರಡು ಪಾಠಗಳನ್ನು ಮಾಡಿದ್ದಾರೆ. ಹೀಗೆ ಎರಡಾಗಿ ಸೀಳಿದ್ದು ವಿವೇಕದ ಕೆಲಸ. ಕೊಕುಗೊ ನಿಹೊಂಗೊಗಳ ಭೇದ ಯಾರಿಗೋ ಹೊಳೆದಿತ್ತೆಂದಾಯಿತು. ಆದರೆ ಅದಕ್ಕೆ ಕೊಟ್ಟದ್ದು ವಾರಕ್ಕೆ ಒಂದು ಗಂಟೆ, ಒಂದು ಕ್ರೆಡಿಟ್, ಕೊನೆಗೆ ಸರಿಯುತ್ತರಕ್ಕೆ ಗುರುತು ಹಾಕುವ ಪರೀಕ್ಷೆ. ಒಂದು ಸೆಮಿಸ್ಟರು ಮುಗಿದರೆ ಮುಗಿಯಿತು, ಮೇಲಿನ ಮೆಟ್ಟಿಲಿಲ್ಲ. ಈಜು ಕಲಿಸುತ್ತೇವೆಂದು ಹೇಳಿ ಕೆರೆಯ ದಂಡೆಯಲ್ಲಿ ಕಾಲು ತೊಳೆಸಿ ಕಳುಹಿಸಿದ ಹಾಗೆ!

ಜಿಲ್ಲೆಯ ಒಂದು ಕಾಲೇಜಿನಲ್ಲಿ, ಹೆಸರು ಬೇಡ, ಇಂಥ ತರಗತಿಯೊಂದರ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವ ಅವಕಾಶ ನನಗೆ ಸಿಕ್ಕಿತ್ತು. ನೂರಕ್ಕೆ ಹತ್ತಿರ ಹುಡುಗರು. ಕರಿಹಲಗೆಯ ಮೇಲೆ ಕನ್ನಡದ ವಾಕ್ಯಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲಾಗಿತ್ತು. ಹುಡುಗರು ಒಟ್ಟಾಗಿ ಓದುತ್ತಿದ್ದರು; 'ಹಲ್ಲಿ'ಯೂ 'ಹಳ್ಳಿ'ಯೂ ಅವರ ಬಾಯಲ್ಲಿ ಒಂದೇ ಆಗಿತ್ತು. ಆ ಒಂದು ಗಂಟೆಯಲ್ಲಿ ಒಬ್ಬನೇ ಒಬ್ಬ ಹುಡುಗ ಎದ್ದು ನಿಂತು ಸ್ವಂತ ಒಂದು ಮಾತನ್ನು ಕನ್ನಡದಲ್ಲಿ ಆಡಲಿಲ್ಲ. ಪರೀಕ್ಷೆಯಲ್ಲಿ ಎಲ್ಲರೂ ತೇರ್ಗಡೆಯಾದರೆಂದು ಆಮೇಲೆ ಕೇಳಿದೆ. ಮೇಷ್ಟ್ರನ್ನು ದೂರಲಾರೆ. ಅವರು ಸಾಹಿತ್ಯ ಓದಿದವರು. ಈ ಕಸುಬನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಜಪಾನಿ ಲಿಪಿಯ ಮುಂದೆ ನಮ್ಮದೇನು ಮಹಾ ಕಷ್ಟ? ನಮಗೆ 49 ಅಕ್ಷರ, ಕಾಗುಣಿತ, ಒತ್ತು. ಅವರಿಗೆ 46ರಂತೆ ಎರಡು ವರ್ಣಮಾಲೆ, ಅದರ ಮೇಲೆ ದಿನಬಳಕೆಯ ಕಾಂಜಿಗಳೇ 2,136. ಆದರೂ ಅವರು ಇಂಗ್ಲಿಷ್ ಅಕ್ಷರದ ಊರುಗೋಲನ್ನು ಬೇಗನೆ ಕಿತ್ತುಕೊಳ್ಳುತ್ತಾರೆ. ಹೊರದೇಶದ ವಿದ್ಯಾರ್ಥಿಗಳು ಎಲ್ಲೆಡೆ ಓದುವ 'ಗೆಂಕಿ' ಎಂಬ ಪಠ್ಯಪುಸ್ತಕ 1999ರಲ್ಲಿ ಮೊದಲು ಬಂತು. ಅದರಲ್ಲಿ ಇಂಗ್ಲಿಷ್ ಅಕ್ಷರದ ನೆರವು ಮೊದಲೆರಡು ಪಾಠಗಳಿಗೆ ಮಾತ್ರ. ಆ ಪುಸ್ತಕದ ನಾಯಕಿ ಮೇರಿ ಎಂಬ ಅಮೆರಿಕದ ಹುಡುಗಿ. ಅವಳು ಜಪಾನಿಗೆ ಬಂದ ವಿನಿಮಯ ವಿದ್ಯಾರ್ಥಿನಿ. ಅವಳು ಸಮಯ ಕೇಳುತ್ತಾಳೆ, ಅಂಗಡಿಗೆ ಹೋಗುತ್ತಾಳೆ, ತನ್ನನ್ನು ಇಟ್ಟುಕೊಂಡ ಮನೆಯವರ ಜೊತೆ ಊಟ ಮಾಡುತ್ತಾಳೆ, ದಾರಿ ತಪ್ಪುತ್ತಾಳೆ. ಓದುವ ವಿದ್ಯಾರ್ಥಿ ತನ್ನನ್ನೇ ಆ ಪುಟಗಳಲ್ಲಿ ಕಾಣುತ್ತಾನೆ. ಇಷ್ಟು ಸರಳವಾದ ಉಪಾಯ! ಸುಳ್ಯದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಒಬ್ಬ ಪರವೂರ ಹುಡುಗಿ ಹಾಸ್ಟೆಲಿಗೆ ದಾರಿ ಕೇಳುವಲ್ಲಿಂದ ಆರಂಭವಾಗುವ ಕನ್ನಡ ಪಠ್ಯವೊಂದನ್ನು ಬರೆಯಲು ನಮಗೆ ಯಾವ ಸರಕಾರದ ಅಪ್ಪಣೆ ಬೇಕಿತ್ತು?

ಇನ್ನು, ಯಾವ ಕನ್ನಡವನ್ನು ಕಲಿಸುವುದೆಂಬ ಪ್ರಶ್ನೆ. ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ವಿದ್ವಾಂಸರು ವರ್ಷಗಟ್ಟಲೆ ಕೂರಬಲ್ಲರು: ಧಾರವಾಡದ್ದೋ, ಮೈಸೂರಿನದ್ದೋ, ಬೆಂಗಳೂರಿನದ್ದೋ, ಗ್ರಂಥದ್ದೋ, ಬಾಯಿಯದ್ದೋ. ಜಪಾನಿನವರಿಗೂ ಈ ತೊಡಕು ಇತ್ತು. ಒಸಾಕದವನ ಮಾತು ಟೋಕಿಯೋದವನದಲ್ಲ. ಟೋಕಿಯೋದಲ್ಲಿ ಅರಿಗಾತೊ ಎನ್ನುವಲ್ಲಿ ಒಸಾಕದ ಹಳೆಯ ಅಂಗಡಿಯವ ಓಕಿನಿ ಎನ್ನುತ್ತಾನೆ. ಮನೆಯೊಳಗೆ ಆಡುವ ಮಾತಿನ ಕ್ರಿಯಾರೂಪವೇ ಬೇರೆ, ಪರಿಚಯವಿಲ್ಲದವರ ಮುಂದೆ ಆಡುವುದೇ ಬೇರೆ. ಅವರು ವಾದಿಸುತ್ತ ಕೂರಲಿಲ್ಲ. ಪರಿಚಯವಿಲ್ಲದವರೊಡನೆ ಆಡುವ ಮರ್ಯಾದೆಯ ಮಾತನ್ನು, ಕ್ರಿಯಾಪದದ ಕೊನೆಗೆ 'ಮಸ್' ಬರುವ ರೂಪವನ್ನು, ಮೊದಲು ಕಲಿಸುತ್ತಾರೆ. ಹೊರಗಿನವನು ಮೊದಲು ನಿಲ್ಲುವುದು ಪರಿಚಯವಿಲ್ಲದವರ ಮುಂದೆಯೇ ತಾನೆ? ಮನೆಯೊಳಗಿನ ಮಾತು ಕೆಲವು ತಿಂಗಳ ನಂತರ ಬರುತ್ತದೆ.

ಇಲ್ಲಿ ನಾನೊಂದು ಮಾತು ಹೇಳಿದರೆ ಘಟ್ಟದ ಮೇಲಿನ ಮಿತ್ರರು ನಕ್ಕಾರು, ನಗಲಿ. ಹೊರಗಿನವರಿಗೆ ಮೊದಲು ಕಲಿಸಲು ಯೋಗ್ಯವಾದ ಕನ್ನಡವೆಂದರೆ ನಮ್ಮ ಪಂಜ, ಪುತ್ತೂರು, ಸುಳ್ಯಗಳ ಕನ್ನಡ.

ಏಕೆಂದರೆ ನಾವೇ ಅದನ್ನು ಹೊರಗಿನವರಾಗಿ ಕಲಿತವರು. ನಮ್ಮೂರಿನ ಮನೆಗಳನ್ನು ಎಣಿಸಿರಿ. ಒಂದು ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಅರೆಭಾಷೆ, ಆಚೆ ಹವ್ಯಕರ ಮಾತು, ಕೆಳಗಡೆ ಮಲೆಯಾಳ, ಬ್ಯಾರಿ, ಕೊಂಕಣಿ, ಮರಾಟಿ. ಪುಸ್ತಕದ ಕನ್ನಡ ಬಹುತೇಕ ಯಾರಿಗೂ ತೊಟ್ಟಿಲ ಭಾಷೆಯಲ್ಲ. ಅದು ಚಾವಡಿಯ ಭಾಷೆ. ಒಳಮನೆಯಲ್ಲಿ ಯಾರು ಏನೇ ಆಡಲಿ, ಪರವೂರ ನೆಂಟರು ಬಂದು ಚಾವಡಿಯಲ್ಲಿ ಕುಳಿತರೆ ಕನ್ನಡ ಹೊರಬರುತ್ತದೆ. ಶಾಲೆಯಲ್ಲಿ ಪುಸ್ತಕದಿಂದ ಕಲಿತದ್ದಾದ್ದರಿಂದ ಅದು ಬರಹಕ್ಕೆ ಹತ್ತಿರ; ನಮ್ಮವರು 'ಹೋಗ್ತೇನೆ' ಎನ್ನುತ್ತಾರೆ, ಬರೆಯುವಾಗ 'ಹೋಗುತ್ತೇನೆ' ಎಂದರಾಯಿತು. ಬೆಂಗಳೂರಿನ 'ಹೋಗ್ತೀನಿ'ಯಿಂದ ಬರಹದವರೆಗೆ ಹೋಗಲು ಇನ್ನೊಂದು ಹೆಜ್ಜೆ ಹೆಚ್ಚು ಬೇಕು. ಸಿನೆಮಾದವರು ನಮ್ಮ ಕನ್ನಡವನ್ನು ನಗೆಗೆ ಬಳಸುತ್ತಾರೆ, ಪುಸ್ತಕ ಓದಿದ ಹಾಗೆ ಮಾತಾಡುತ್ತಾರೆಂದು. ಹೌದು, ಹಾಗೆಯೇ ಮಾತಾಡುತ್ತೇವೆ. ಪುಸ್ತಕ ಓದಿದ ಹಾಗೆ ಮಾತಾಡುವ ಊರು ಭಾಷೆ ಕಲಿಯಲು ಬಂದವನಿಗೆ ಸಿಕ್ಕರೆ ಅವನ ಪುಣ್ಯ! ಮನೆಯಲ್ಲಿ ತುಳುವಿನಲ್ಲಿ ಗೊಬ್ಬರದ ಲೆಕ್ಕ ಹೇಳಿ ಬಂದ ಕೃಷಿಕ ತಾಳಮದ್ದಲೆಯಲ್ಲಿ ಕರ್ಣನಾಗಿ ಕುಳಿತು ಇಡೀ ರಾತ್ರಿ ತಡವರಿಸದೆ ಕನ್ನಡದಲ್ಲಿ ವಾದಿಸುವುದನ್ನು ಒಮ್ಮೆ ಬಂದು ಕೇಳಿ. ಅವನಿಗೂ ಅದು ಕಲಿತ ಭಾಷೆ.

ಕಲಿತ ಭಾಷೆಯಲ್ಲಿ ಏನು ಸಾಧ್ಯವೆಂಬುದಕ್ಕೆ ಕನ್ನಡಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಹೆಸರಿನಲ್ಲೇ ನಮ್ಮೂರಿನ ದನಿಯಿರುವ ಪಂಜೆ ಮಂಗೇಶರಾಯರದು ಕೊಂಕಣಿ. ಮಂಜೇಶ್ವರದ ಗೋವಿಂದ ಪೈಗಳದೂ ಕೊಂಕಣಿಯೇ. ಅವರು ಜಪಾನಿನ 'ನೋ' ನಾಟಕಗಳನ್ನು ಕೂಡ ಕನ್ನಡಕ್ಕೆ ತಂದು ಕೊಟ್ಟರು.

ಜಪಾನಿನ ಮಾತಿಗೆ ಬಂದದ್ದರಿಂದ ಒಂದು ಸಣ್ಣ ಸಂಗತಿ. ಸೊಸೆ ತರಗತಿಯಲ್ಲಿ ಕಲಿತದ್ದನ್ನು ನನಗೆ ಹೇಳುತ್ತಿದ್ದಾಗ ನನಗೆ ಅಚ್ಚರಿಯಾದದ್ದು ಆ ಭಾಷೆಯ ನಡಿಗೆ. ಕ್ರಿಯಾಪದ ಕೊನೆಗೆ, ವಿಭಕ್ತಿ ನಾಮಪದದ ಹಿಂದೆ, 'ನಿನ್ನೆ ಬಂದ ಹುಡುಗ' ಎಂಬುದು ನಮ್ಮ ಕ್ರಮದಲ್ಲೇ. 'ತಬೆತೆ ಮಿರು' ಎಂದರೆ ಶಬ್ದಕ್ಕೆ ಶಬ್ದ 'ತಿಂದು ನೋಡು'. 'ಕೈತೆ ಒಕು' ಎಂದರೆ 'ಬರೆದಿಡು'. ಇಂಗ್ಲಿಷಿನ ಮೂಲಕ ಇದನ್ನು ಕಲಿಯುವ ಹುಡುಗ ಒಂದು ಪುಟ ವಿವರಣೆ ಓದಬೇಕು. ನಮ್ಮ ಅಜ್ಜಿಗೆ ಹೇಳಿದರೆ "ನಮ್ಮ ಹಾಗೆಯೇ" ಎಂದಾಳು. ಅವರ ಅಕ್ಷರಮಾಲೆಯ ಕ್ರಮವೂ ಬೌದ್ಧ ಭಿಕ್ಷುಗಳ ಮೂಲಕ ನಮ್ಮ ದೇಶದ ವರ್ಣಮಾಲೆಯಿಂದ ಹೋದದ್ದು: ಕ, ಸ, ತ, ನ, ಹ, ಮ, ಯ, ರ, ವ. ಸುಸುಮು ಓನೊ ಎಂಬ ಪಂಡಿತರು ಜಪಾನಿಗೂ ತಮಿಳಿಗೂ ನಂಟಸ್ತಿಕೆ ಹೇಳಿದರು. ಭಾಷಾವಿಜ್ಞಾನಿಗಳು ಬಹುಮಟ್ಟಿಗೆ ಅದನ್ನು ಒಪ್ಪಲಿಲ್ಲ. ನಾನೂ ನಂಟಸ್ತಿಕೆ ಹೇಳುತ್ತಿಲ್ಲ. ನಂಟರಲ್ಲದಿದ್ದರೂ ನಡಿಗೆ ಒಂದೇ ಇರಬಹುದು. ಇಂಥ ಭಾಷೆಯನ್ನು ಅಮೆರಿಕದ ಹುಡುಗಿಗೆ ಕಲಿಸಲು ಅವರಿಗೆ ಸಾಧ್ಯವಾಗಿದೆಯೆಂದ ಮೇಲೆ, ಕನ್ನಡದ ರಚನೆ ಕಷ್ಟ, ಹೊರಗಿನವರಿಗೆ ಬರುವುದಿಲ್ಲ ಎಂಬ ನೆವ ನಿಲ್ಲುವುದಿಲ್ಲ.

ಇಂಗ್ಲಿಷ್ ಸಾಕು, ಕನ್ನಡವೇಕೆ ಎನ್ನುವವರಿದ್ದಾರೆ. ಅವರಿಗೆ ಆಸ್ಪತ್ರೆಯನ್ನು ತೋರಿಸುತ್ತೇನೆ. 2019ರಿಂದ ವೈದ್ಯಕೀಯ ವಿದ್ಯಾರ್ಥಿಗಳ ಆರಂಭದ ಫೌಂಡೇಶನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಗೂ ಜಾಗ ಕೊಟ್ಟಿದ್ದಾರೆ, ಏಕೆ ಕೊಟ್ಟರು? ನಮ್ಮೂರ ಮುದುಕಿ ಹೊಟ್ಟೆ ಹಿಡಿದುಕೊಂಡು ಹೋಗಿ "ಬಂಜಿ ಬೇನೆ" ಎಂದರೆ ದಿಲ್ಲಿಯ ಹುಡುಗನಿಗೆ ಏನು ಗೊತ್ತಾಗಬೇಕು? ಅದು ತುಳುವಲ್ಲವೆ, ಕನ್ನಡ ಕಲಿತರೂ ಪ್ರಯೋಜನವೇನೆಂದು ಅಡ್ಡಪ್ರಶ್ನೆ ಹಾಕುವವರಿಗೆ ಹೇಳುತ್ತೇನೆ: ಅದೇ ಮುದುಕಿ, ಡಾಕ್ಟರು ಕನ್ನಡದಲ್ಲಿ "ಅಜ್ಜಿ, ಎಲ್ಲಿ ನೋವು?" ಎಂದು ಕೇಳಿದೊಡನೆ ಚಾವಡಿಗೆ ಬರುತ್ತಾಳೆ, ತನಗೆ ಬಂದ ಕನ್ನಡದಲ್ಲಿ ಹೇಳುತ್ತಾಳೆ. ಅವನು ಇಂಗ್ಲಿಷಿನಲ್ಲಿ ಕೇಳಿದರೆ ಬಾಯಿ ಮುಚ್ಚುತ್ತಾಳೆ. ನರ್ಸು ನಡುವೆ ನಿಂತು ಅನುವಾದಿಸುತ್ತಾಳೆ, ಅರ್ಧ ರೋಗ ಅನುವಾದದಲ್ಲಿ ಸೋರಿಹೋಗುತ್ತದೆ. ಮೊದಲ ತಿಂಗಳ ಆ ಕೆಲವು ಗಂಟೆಗಳ ಪಾಠ ಮೂರನೆಯ ವರ್ಷ ರೋಗಿಯ ಹಾಸಿಗೆಯ ಬಳಿ ನಿಲ್ಲುವಾಗ ಎಷ್ಟು ಉಳಿದಿರುತ್ತದೆಂದು ಯಾರಾದರೂ ನೋಡಿದ್ದಾರೆಯೆ?

ತುಳುವಿನ ಮೇಲೆ ಕನ್ನಡವನ್ನು ಹೇರುವ ಹುನ್ನಾರವಿದು ಎಂದೂ ಕೆಲವರು ಅಂದಾರು. ಹಾಗಲ್ಲ. ಚಾವಡಿಗೆ ಬಂದವನು ಒಳಮನೆಗೂ ಬರಲಿ, ತುಳುವನ್ನೂ ಕಲಿಯಲಿ. ನಮ್ಮ ಅಡಿಕೆ ತೋಟಗಳಿಗೆ ಬಂದ ಜಾರ್ಖಂಡದ, ಅಸ್ಸಾಮಿನ ಕೂಲಿಯಾಳುಗಳು ಎರಡೂ ಕಲಿಯುತ್ತಿದ್ದಾರೆ. ಅವರಿಗೆ ತರಗತಿಯೂ ಇಲ್ಲ, ಕ್ರೆಡಿಟ್ಟೂ ಇಲ್ಲ. ಹಾಗಾದರೆ ತರಗತಿ ಏಕೆ ಬೇಕು, ಅವರಂತೆ ಇವರೂ ಕಲಿಯಬಾರದೆ? ಕೂಲಿಯಾಳು ದಿನವಿಡೀ ನಮ್ಮ ಜೊತೆ ಇರುತ್ತಾನೆ. ವಿದ್ಯಾರ್ಥಿ ಇರುವುದು ಹಾಸ್ಟೆಲಿನಲ್ಲಿ, ತನ್ನಂಥ ಇನ್ನೂರು ಮಂದಿಯ ನಡುವೆ. ಅವನ ಪಾಠ ಇಂಗ್ಲಿಷು, ಊಟದ ಮಾತು ಹಿಂದಿ. ಅವನಿಗೆ ಕನ್ನಡ ಕೇಳಿಸುವುದೇ ಬಸ್ ಕಂಡಕ್ಟರನ ಬಾಯಿಂದ. ಅದು ಬಹುಶಃ ಕಲಿಯಲು ಯೋಗ್ಯವಾದ ಮೊದಲ ಪಾಠವಲ್ಲ.

ಕಡ್ಡಾಯ ಮಾಡಿದರೆ ಎಲ್ಲ ಸರಿಹೋಗುತ್ತದೆಂಬ ಭ್ರಮೆಯೊಂದಿದೆ. 2021ರಲ್ಲಿ ಸರಕಾರ ಪದವಿ ತರಗತಿಗಳಲ್ಲಿ ಕನ್ನಡವನ್ನು ಕಡ್ಡಾಯ ಮಾಡಿ ಆದೇಶ ಹೊರಡಿಸಿತು. ವಿಷಯ ಹೈಕೋರ್ಟಿಗೆ ಹೋಯಿತು, ಒತ್ತಾಯ ಕೂಡದೆಂದು ಮಧ್ಯಂತರ ಆದೇಶ ಬಂತು. ಪತ್ರಿಕೆಗಳಲ್ಲಿ ಪರ ವಿರೋಧದ ಪತ್ರಗಳು ತುಂಬಿದವು. ಕಡ್ಡಾಯವೋ ಐಚ್ಛಿಕವೋ ಎಂದು ಇಷ್ಟು ಕಾದಾಡಿದವರಲ್ಲಿ ಒಬ್ಬರಾದರೂ ಆ ಪಾಠದ ಪುಸ್ತಕವನ್ನು ತೆರೆದು ನೋಡಿದಂತೆ ಕಾಣಲಿಲ್ಲ. ಬಾಗಿಲಿಗೆ ಬೀಗ ಹಾಕಬೇಕೋ ಬೇಡವೋ ಎಂದು ಜಗಳವಾಡಿದರು, ಮನೆಯನ್ನೇ ಕಟ್ಟಿರಲಿಲ್ಲ.

ಮೆಟ್ಟಿಲು ಕಟ್ಟಿದರೆ ಜನ ಹತ್ತುತ್ತಾರೆ. 1918ರಲ್ಲಿ ಹುಟ್ಟಿದ ಹಿಂದೀ ಪ್ರಚಾರ ಸಭೆಯ ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ, ಪ್ರವೇಶಿಕಾ ಪರೀಕ್ಷೆಗಳಿಗೆ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಎಷ್ಟು ಮಂದಿ ಕುಳಿತರೆಂಬುದನ್ನು ನಾನು ಕಣ್ಣಾರೆ ಕಂಡವನು. ಹಿಂದಿ ಮಾತಾಡುವ ಒಬ್ಬ ಮನುಷ್ಯನನ್ನೂ ನೋಡದವರು ವಿಶಾರದರಾದರು! ಯಾರೂ ಕಡ್ಡಾಯ ಮಾಡಿರಲಿಲ್ಲ. ಒಂದು ಮುಗಿದರೆ ಇನ್ನೊಂದು ಇತ್ತು, ಅಷ್ಟೆ. ನಮ್ಮ ಸಾಹಿತ್ಯ ಪರಿಷತ್ತಿಗೂ ಪ್ರವೇಶ, ಕಾವ, ಜಾಣ, ರತ್ನ ಎಂಬ ಮೆಟ್ಟಿಲುಗಳಿವೆ; ಅವೂ ಕೊಕುಗೊ ಮೆಟ್ಟಿಲುಗಳು, ಕನ್ನಡ ಬಲ್ಲವನನ್ನು ಮೇಲಕ್ಕೆ ಹತ್ತಿಸುವಂಥವು. 'ಪ್ರವೇಶ'ದ ಕೆಳಗೆ ಅಂಗಳದಿಂದ ಜಗುಲಿಗೆ ಇನ್ನೂ ಮೂರು ಮೆಟ್ಟಿಲು ಬೇಕಾಗಿವೆ. ಜಪಾನಿನವರು 1984ರಿಂದ ನಡೆಸುತ್ತಿರುವ ಭಾಷಾಪರೀಕ್ಷೆಗೆ ಈಗ ಎನ್5ರಿಂದ ಎನ್1ರವರೆಗೆ ಐದು ಮೆಟ್ಟಿಲು. ಅದನ್ನು ಬರೆಯಲು ನಮ್ಮ ಹುಡುಗರು ಬೆಂಗಳೂರಿಗೆ ಹೋಗುತ್ತಾರೆ. ಆ ಪರೀಕ್ಷೆಯ ಒಂದು ಊನವನ್ನೂ ಹೇಳಿಬಿಡುತ್ತೇನೆ: ಅದರಲ್ಲಿ ಮಾತಾಡಿಸಿ ನೋಡುವ ಭಾಗವಿಲ್ಲ. ನಕಲು ಮಾಡುವುದಾದರೆ ಅವರ ಪರೀಕ್ಷೆಯನ್ನಲ್ಲ, ಅವರ ತರಗತಿಯನ್ನು ನಕಲು ಮಾಡಿ. ಹದಿನೈದು ಇಪ್ಪತ್ತು ಮಂದಿ, ವಾರಕ್ಕೆ ಮೂರು ನಾಲ್ಕು ದಿನ, ಮೂರನೆಯ ವಾರದಿಂದ ಕನ್ನಡ ಅಕ್ಷರ, ಪ್ರತಿಯೊಬ್ಬನೂ ಪ್ರತಿದಿನ ಬಾಯಿ ತೆರೆಯಲೇಬೇಕು. ಒಂದು ಸೆಮಿಸ್ಟರು ಮುಗಿದರೆ ಮೇಲಿನದು ಕಾದಿರಬೇಕು. ಕಲಿಸುವವರಿಗೆ ಮೊದಲು ಮೈಸೂರಿನಲ್ಲಿ ನಾಲ್ಕು ತಿಂಗಳ ತರಬೇತಿ.

ಹಣವೆಲ್ಲಿ ಎನ್ನುತ್ತಾರೆ. ವಿದ್ಯಾರ್ಥಿಯಿಂದ ಲಕ್ಷಗಟ್ಟಲೆ ಶುಲ್ಕ ಎಣಿಸಿಕೊಳ್ಳುವ ಕಡೆ ಈ ಪ್ರಶ್ನೆ ಕೇಳಿ ನನಗೆ ನಗು ಬರುತ್ತದೆ. ಕಟ್ಟಡದ ಮುಂಭಾಗಕ್ಕೆ ಹೊಸ ಗಾಜು ಹಾಕಿಸಲು ಸಿಕ್ಕಿದ ಹಣ ಇಬ್ಬರು ಮೇಷ್ಟ್ರುಗಳಿಗೆ ಸಿಗುವುದಿಲ್ಲವೆ?

ಆದರೂ ಸಿಗುವವರೆಗೆ ಕಾಯಬೇಕಾಗಿಲ್ಲ. ಪಂಜದ ಸುತ್ತಮುತ್ತ ನಿವೃತ್ತರಾದ ಶಾಲಾ ಮಾಸ್ತರರು, ಟೀಚರುಗಳು ಕಡಿಮೆಯಿಲ್ಲ. ತುಳು, ಅರೆಭಾಷೆ, ಮಲೆಯಾಳ ಬಿಟ್ಟು ಬೇರೆ ತಿಳಿಯದ ಒಂದನೆಯ ತರಗತಿಯ ಮಕ್ಕಳಿಗೆ ಮೂವತ್ತು ವರ್ಷ ಕನ್ನಡ ಕಲಿಸಿದವರು ಇವರು. ನಿಹೊಂಗೊ ಎಂಬ ಹೆಸರು ಕೇಳದೆಯೇ ಆ ಕೆಲಸ ಮಾಡಿದವರು. ಅವರಲ್ಲಿ ನಾಲ್ಕು ಮಂದಿಯೊಡನೆ ಮಾತಾಡಿದ್ದೇನೆ. ವಾರಕ್ಕೆ ಮೂರು ಸಂಜೆ ಸುಳ್ಯಕ್ಕಾದರೂ ಪುತ್ತೂರಿಗಾದರೂ ಬಸ್ಸಿನಲ್ಲಿ ಹೋಗಿ ಬರಲು ಒಪ್ಪಿದ್ದಾರೆ. ಬಸ್ಸಿನ ಹಣ ನಾವೇ ಹಾಕಿಕೊಳ್ಳುತ್ತೇವೆ. ಯಾವ ಕಾಲೇಜಿನ ಪ್ರಿನ್ಸಿಪಾಲರಾದರೂ ಒಂದು ಕೋಣೆ, ಒಂದು ಕರಿಹಲಗೆ, ಇಪ್ಪತ್ತು ಹುಡುಗರನ್ನು ಕೊಟ್ಟರೆ ಜುಲೈ ತಿಂಗಳಿಂದ ಆರಂಭಿಸಬಹುದು. ಮಳೆಗಾಲವಾದ್ದರಿಂದ ಸಂಜೆಯ ಬಸ್ಸು ತಪ್ಪಿದರೆ ರಾತ್ರಿ ಉಳಿಯಲು ಜಾಗವೊಂದು ಬೇಕಾದೀತು. ಪ್ರಶ್ನೆಪತ್ರಿಕೆ ಮಾತ್ರ ಬೇಡ.